ಅರ್ಥ ತಿಳಿಯದೆ ಕಾಯ್ದಿಟ್ಟ ಜ್ಞಾನ

1944ರ ಫೆಬ್ರುವರಿ 15ರಂದು ಮಿತ್ರರಾಷ್ಟ್ರಗಳ ಬಾಂಬರ್ ವಿಮಾನಗಳು ಇಟಲಿಯ ಮಾಂಟೆ ಕ್ಯಾಸಿನೊ ಮಠವನ್ನು ನೆಲಸಮ ಮಾಡಿದವು. ಸಂತ ಬೆನೆಡಿಕ್ಟ್ ಆರನೆಯ ಶತಮಾನದಲ್ಲಿ ಸ್ಥಾಪಿಸಿದ ಆ ಮಠ, ಪ್ರಾಚೀನ ಗ್ರಂಥಗಳನ್ನು ನಕಲು ಮಾಡಿ ಉಳಿಸಿದ ಕೇಂದ್ರಗಳಲ್ಲೊಂದು. ಆ ದಾಳಿಯಲ್ಲಿ ಪಾಲ್ಗೊಂಡಿದ್ದ ಅಮೆರಿಕದ ಯುವ ಸೈನಿಕ ವಾಲ್ಟರ್ ಮಿಲ್ಲರ್, ಮುಂದೆ ‘ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಜ್’ ಎಂಬ ಕಾದಂಬರಿ ಬರೆದರು. ಅದಕ್ಕೆ 1961ರಲ್ಲಿ ಹ್ಯೂಗೊ ಪ್ರಶಸ್ತಿ ದೊರೆಯಿತು.

ಅಣ್ವಸ್ತ್ರ ಯುದ್ಧದಲ್ಲಿ ನಾಗರಿಕತೆ ಸುಟ್ಟುಹೋಗಿದೆ. ಬದುಕುಳಿದ ಜನ ವಿದ್ಯಾವಂತರೇ ಈ ಅನಾಹುತಕ್ಕೆ ಕಾರಣವೆಂದು ಅವರನ್ನು ಕೊಂದು, ಪುಸ್ತಕಗಳನ್ನು ಸುಡುತ್ತಾರೆ. ಲೀಬೊವಿಟ್ಜ್ ಎಂಬ ಎಂಜಿನಿಯರ್ ಸಂನ್ಯಾಸ ಸ್ವೀಕರಿಸಿ, ಪುಸ್ತಕ ಕಾಯುವುದನ್ನೇ ವ್ರತವಾಗಿಸಿಕೊಂಡ ಪಂಥವೊಂದನ್ನು ಕಟ್ಟಿ ಹುತಾತ್ಮನಾಗುತ್ತಾನೆ. ಆರು ಶತಮಾನಗಳ ಬಳಿಕ ಫ್ರಾನ್ಸಿಸ್ ಎಂಬ ಕಿರಿಯ ಸಂನ್ಯಾಸಿಗೆ ಆತನ ಕಾಗದಗಳು ಸಿಗುತ್ತವೆ. ಅವುಗಳಲ್ಲಿ ಒಂದು ದಿನಸಿ ಚೀಟಿ, ಇನ್ನೊಂದು ವಿದ್ಯುತ್ ಉಪಕರಣದ ನೀಲನಕ್ಷೆ. ಎರಡೂ ಪೂಜ್ಯವಾಗುತ್ತವೆ. ಫ್ರಾನ್ಸಿಸ್ ಹದಿನೈದು ವರ್ಷ ಕುಳಿತು ಆ ನಕ್ಷೆಯ ಅಲಂಕೃತ ಪ್ರತಿಯೊಂದನ್ನು ಸಿದ್ಧಪಡಿಸುತ್ತಾನೆ. ಅದು ಯಾವುದರ ನಕ್ಷೆಯೆಂಬುದು ಮಾತ್ರ ಆತನಿಗೆ ತಿಳಿಯದು.

ಓದುಗನಿಗೆ ನಗು ಬರುತ್ತದೆ. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಬೇರೊಂದು ಪ್ರಶ್ನೆ ಏಳುತ್ತದೆ. ಆರು ನೂರು ವರ್ಷ ಯಾವ ಪ್ರತಿಫಲವೂ ಇಲ್ಲದ ಹೂಡಿಕೆಯನ್ನು ಯಾವ ಮಾರುಕಟ್ಟೆ, ಯಾವ ಸರ್ಕಾರ ಮಾಡೀತು? ಬಡ್ಡಿಯ ಲೆಕ್ಕ ಹಾಕದ ಶ್ರದ್ಧೆಯಿಂದಷ್ಟೇ ಅದು ಸಾಧ್ಯ. ನಮ್ಮ ಮೂಡುಬಿದಿರೆಯ ಬಸದಿಯಲ್ಲೂ ಧವಳಾ ಮೊದಲಾದ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಓದಿಗಿಂತ ಹೆಚ್ಚಾಗಿ ದರ್ಶನದ ವಸ್ತುಗಳಾಗಿದ್ದವು. ಧವಳಾ ಅಚ್ಚಾಗತೊಡಗಿದ್ದು 1939ರಲ್ಲಿ. ಪೂಜೆ ಓದನ್ನು ತಡೆದಿರಬಹುದು. ಓಲೆಗಳನ್ನು ಉಳಿಸಿಕೊಟ್ಟಿದ್ದೂ ಪೂಜೆಯೇ.

ಮಿಲ್ಲರ್ ಇಲ್ಲಿಗೇ ನಿಲ್ಲಿಸಿದ್ದರೆ ಕಾದಂಬರಿ ಮಠಗಳ ಪ್ರಶಸ್ತಿಯಷ್ಟೇ ಆಗುತ್ತಿತ್ತು. ಎರಡನೆಯ ಭಾಗದಲ್ಲಿ ಮಠದೊಳಗೆ ವಿದ್ಯುದ್ದೀಪ ಬೆಳಗುತ್ತದೆ. ಆಸ್ಥಾನದ ನಂಟುಳ್ಳ ವಿದ್ವಾಂಸನೊಬ್ಬ ಗ್ರಂಥಗಳ ಅಧ್ಯಯನಕ್ಕೆ ಬರುತ್ತಾನೆ. ಅವನೊಡನೆ ಬಂದ ಸೇನಾಧಿಕಾರಿಗಳು ಮಠದ ಕೋಟೆಗೋಡೆಯ ನಕ್ಷೆ ಬರೆದುಕೊಳ್ಳುತ್ತಾರೆ. ಜ್ಞಾನದ ಬಳಕೆಗೆ ಹೊಣೆ ಯಾರೆಂದು ಮಠಾಧಿಪತಿ ಕೇಳಿದಾಗ, ವಿದ್ವಾಂಸನ ಬಳಿ ನೇರ ಉತ್ತರವಿಲ್ಲ. ಮೂರನೆಯ ಭಾಗದಲ್ಲಿ ಮನುಷ್ಯ ಮತ್ತೆ ಅಣುಬಾಂಬ್ ಪಡೆದು, ಮತ್ತೆ ಸಿಡಿಸುತ್ತಾನೆ. ಕೆಲವು ಸಂನ್ಯಾಸಿಗಳು ಅದೇ ಗ್ರಂಥಗಳೊಡನೆ ಬೇರೊಂದು ನಕ್ಷತ್ರದತ್ತ ಹೊರಡುತ್ತಾರೆ.

ಗ್ರಂಥವನ್ನು ಕಾಯುವ ಸಂಸ್ಥೆಯನ್ನು ಕಟ್ಟಬಹುದು. ವಿವೇಕವನ್ನು ಪ್ರತಿ ತಲೆಮಾರೂ ಹೊಸದಾಗಿಯೇ ಗಳಿಸಬೇಕು. ಆ ವಿದ್ವಾಂಸನನ್ನು ಹಳಿಯಲು ನನಗೆ ಮನಸ್ಸು ಬಾರದು. ಅಂಕಿಅಂಶ ಒದಗಿಸುವುದಷ್ಟೇ ನನ್ನ ಕೆಲಸ, ತೀರ್ಮಾನ ಮೇಲಿನವರದು ಎಂದು ಸೇವಾವಧಿಯುದ್ದಕ್ಕೂ ಕಡತಗಳಲ್ಲಿ ಟಿಪ್ಪಣಿ ಬರೆದವನು ನಾನು. ಬಾಂಬರ್ ವಿಮಾನದಲ್ಲಿ ಕುಳಿತಿದ್ದ ಯುವಕನಿಗೂ ಅಂದು ಆದೇಶವಿತ್ತು. ಆತ ಅದನ್ನು ಮರೆಯಲಿಲ್ಲ ಎಂಬುದಕ್ಕೆ ಈ ಕಾದಂಬರಿ ಸಾಕ್ಷಿ.