ಮುತ್ತಿಗಾಗಿ ಅಮರತ್ವವನ್ನು ತೊರೆದ ಕುಳ್ಳ ಯಕ್ಷ

ಐರ್ಲೆಂಡಿನ ಹಳ್ಳಿಗಳ ಹಳೆಯ ಕಥೆಯೊಂದಿದೆ. ಸುಗ್ಗಿಕಾಲದ ಹಬ್ಬದ ದಿನ ಹೊಲದಲ್ಲಿ ಅಡ್ಡಾಡುತ್ತಿದ್ದ ಯುವಕನೊಬ್ಬನಿಗೆ ಬೇಲಿಯ ಮರೆಯಿಂದ ಟಕ್ ಟಕ್ ಎಂಬ ಸದ್ದು ಕೇಳಿಸಿತಂತೆ. ಇಣುಕಿ ನೋಡಿದರೆ, ಪುಟ್ಟ ಮುದುಕನೊಬ್ಬ ಪಾದರಕ್ಷೆಗೆ ಹಿಮ್ಮಡಿ ಬಡಿಯುತ್ತ ಕುಳಿತಿದ್ದಾನೆ! ಯುವಕ ಥಟ್ಟನೆ ಅವನನ್ನು ಹಿಡಿದು ಚಿನ್ನ ಹೂತ ಜಾಗವನ್ನು ತೋರೆಂದು ಗದರಿಸಿದ. ಮುದುಕ ಹೊಲದ ತುಂಬ ಬೆಳೆದಿದ್ದ ಹಳದಿ ಹೂವಿನ ಕಳೆಗಿಡಗಳಲ್ಲಿ ಒಂದನ್ನು ತೋರಿಸಿದ. ಅಗೆಯಲು ಗುದ್ದಲಿಯಿಲ್ಲ. ಗುರುತಿಗೆಂದು ತನ್ನ ಕಾಲುಚೀಲದ ಕೆಂಪು ಪಟ್ಟಿಯನ್ನು ಗಿಡಕ್ಕೆ ಕಟ್ಟಿ, ಅದನ್ನು ಮುಟ್ಟುವುದಿಲ್ಲವೆಂದು ಮುದುಕನಿಂದ ಆಣೆ ಹಾಕಿಸಿಕೊಂಡು, ಯುವಕ ಮನೆಗೆ ಓಡಿದ. ಹಿಂದಿರುಗಿ ಬಂದಾಗ ಹೊಲದ ಒಂದೊಂದು ಗಿಡಕ್ಕೂ ಅದೇ ಬಗೆಯ ಕೆಂಪು ಪಟ್ಟಿ! ಆಣೆಯೂ ತಪ್ಪಲಿಲ್ಲ, ಚಿನ್ನವೂ ದಕ್ಕಲಿಲ್ಲ.

ಈ ಮುದುಕನೇ ಲೆಪ್ರಕಾನ್. ನಮ್ಮಲ್ಲಿ ನಿಧಿಯನ್ನು ಯಕ್ಷನೋ ಸರ್ಪವೋ ಕಾಯುವಂತೆ ಕೆಲ್ಟ್ ಜನರ ನಂಬಿಕೆಯಲ್ಲಿ ಕೊಪ್ಪರಿಗೆ ಹೊನ್ನನ್ನು ಕಾಯುವವನು ಇವನು. ಜಿಪುಣ, ಒಂಟಿಜೀವಿ, ಮಾತಿನಲ್ಲಿ ಮಹಾ ಚತುರ. ಇಂತಹವನನ್ನು ಪ್ರೇಮದ ಬಲೆಗೆ ಕೆಡವಿ, ಅಮೆರಿಕದ ರಂಗಭೂಮಿಯ ಮೇಲೆ ತಂದು ನಿಲ್ಲಿಸಿದ ವಿನೋದ ಗೀತನಾಟಕವೇ ‘ಫಿನಿಯನ್ಸ್ ರೇನ್‌ಬೋ’, ಅಂದರೆ ಫಿನಿಯನ್ನನ ಕಾಮನಬಿಲ್ಲು. 1947ರ ಜನವರಿ 10ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಮೊದಲ ಪ್ರದರ್ಶನ ಕಂಡ ಇದು ಒಟ್ಟು 725 ಬಾರಿ ನಡೆಯಿತು.

ಇದರ ಗೀತೆಗಳನ್ನು ಬರೆದವನು ಐರಿಷ್ ಕವಿಯಲ್ಲ. ರಷ್ಯಾದಿಂದ ವಲಸೆ ಬಂದ ಬಡ ಯೆಹೂದಿ ದಂಪತಿಗಳ ಮಗನಾಗಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇ. ವೈ. ಹಾರ್ಬರ್ಗ್. ವಿದ್ಯುತ್ ಸಾಮಗ್ರಿಗಳ ವ್ಯಾಪಾರದಲ್ಲಿದ್ದು, 1929ರ ಆರ್ಥಿಕ ಕುಸಿತದಲ್ಲಿ ಎಲ್ಲವನ್ನೂ ಕಳೆದುಕೊಂಡು ಕವಿಯಾದವನು. (ಸಾಹಿತ್ಯಕ್ಕೆ ಬಂದು ಹಣ ಕಳೆದುಕೊಂಡವರ ನಡುವೆ ಇದೊಂದು ತಿರುವುಮುರುವು.) ಜೇಮ್ಸ್ ಸ್ಟೀಫನ್ಸನು 1912ರಲ್ಲಿ ಪ್ರಕಟಿಸಿದ ‘ದಿ ಕ್ರಾಕ್ ಆಫ್ ಗೋಲ್ಡ್’ ಎಂಬ ಐರಿಷ್ ಕಾದಂಬರಿ ಆತನ ಮನಸ್ಸನ್ನು ಸೆಳೆದಿತ್ತು. ಫ್ರೆಡ್ ಸೈಡಿಯೊಡನೆ ಸೇರಿ ಕಥೆಯನ್ನು ಹೆಣೆದ. ಬರ್ಟನ್ ಲೇನ್ ಸ್ವರ ಸಂಯೋಜಿಸಿದ.

ಕಥೆ ಮೊದಲಾಗುವುದೇ ಒಂದು ಹುಚ್ಚು ಅರ್ಥಶಾಸ್ತ್ರದಿಂದ. ಅಮೆರಿಕನ್ನರು ಕ್ಯಾಲಿಫೋರ್ನಿಯದಲ್ಲಿ ಚಿನ್ನವನ್ನು ಅಗೆದು ತೆಗೆದರು, ತಂದು ಫೋರ್ಟ್ ನಾಕ್ಸ್‌ನ ನೆಲಮಾಳಿಗೆಯಲ್ಲಿ ಹೂತರು, ದೇಶ ಶ್ರೀಮಂತವಾಯಿತು. ಆದ್ದರಿಂದ ಆ ಮಣ್ಣಿನಲ್ಲಿಯೇ ಏನೋ ಸತ್ತ್ವವಿರಬೇಕು ಎಂದು ಐರ್ಲೆಂಡಿನ ಮುದುಕ ಫಿನಿಯನ್ ತರ್ಕಿಸುತ್ತಾನೆ. ಲೆಪ್ರಕಾನನ ಕೊಪ್ಪರಿಗೆಯನ್ನು ಕದ್ದು, ಮಗಳು ಶ್ಯಾರನ್ನಳೊಡನೆ ಹಡಗು ಹತ್ತಿ, ಫೋರ್ಟ್ ನಾಕ್ಸ್ ಸಮೀಪದ ಕಣಿವೆಯೊಂದರಲ್ಲಿ ಬಿತ್ತನೆ ಮಾಡುವಂತೆ ಅದನ್ನು ಹೂಳುತ್ತಾನೆ. ಕೊಪ್ಪರಿಗೆಯ ಒಡೆಯ ಓಗ್ ಬೆನ್ನಟ್ಟಿ ಬರುತ್ತಾನೆ. ಹೊನ್ನು ಕೈಬಿಟ್ಟ ಲೆಪ್ರಕಾನ್ ದಿನದಿನಕ್ಕೆ ಮನುಷ್ಯನಾಗುತ್ತ ಹೋಗುತ್ತಾನೆ! ಓಗನಿಗೆ ಶ್ಯಾರನ್ನಳನ್ನು ಕಂಡೊಡನೆ ಎದೆಯಲ್ಲಿ ಏನೋ ಅಪರಿಚಿತವಾದ ತಳಮಳ. ಅವಳಾದರೋ ಆ ಕಣಿವೆಯ ಯುವಕ ವುಡಿಗೆ ಮನಸ್ಸು ಕೊಟ್ಟಿದ್ದಾಳೆ.

ಇಲ್ಲಿಯವರೆಗೆ ಸುಖವಾದ ನಗೆ. ಆದರೆ ಆ ಕಣಿವೆಯಲ್ಲಿ ತಂಬಾಕು ಬೆಳೆಯುವ ಬಿಳಿಯರೂ ಕಪ್ಪುಜನರೂ ಒಂದಾಗಿ ಬಾಳುತ್ತಿದ್ದಾರೆ. ಸೆನೆಟರ್ ರಾಕಿನ್ಸ್‌ನಿಗೆ ಆ ನೆಲ ಬೇಕು. ಎರಡು ಬಣ್ಣದವರು ಒಟ್ಟಿಗೆ ಇರುವುದು ಕಾನೂನಿಗೆ ವಿರುದ್ಧವೆಂಬ ನೆಪ ಹಿಡಿದು ಅವರನ್ನು ಎಬ್ಬಿಸಲು ಬರುತ್ತಾನೆ. ಸಿಟ್ಟಿಗೆದ್ದ ಶ್ಯಾರನ್, ನೀನೇ ಕಪ್ಪಾಗಬಾರದೇ, ಆಗ ತಿಳಿಯುತ್ತದೆ ಎನ್ನುತ್ತಾಳೆ. ಅವಳು ನಿಂತಿರುವುದು ಕೊಪ್ಪರಿಗೆ ಹೂತ ಜಾಗದ ಮೇಲೆ. ಕೊಪ್ಪರಿಗೆಯ ಮೇಲೆ ನಿಂತು ಕೋರಿದ ಮೂರು ಕೋರಿಕೆಗಳು ಫಲಿಸುತ್ತವೆ ಎಂಬುದು ನಿಯಮ. ಕ್ಷಣಾರ್ಧದಲ್ಲಿ ಸೆನೆಟರ್ ಕಪ್ಪಾಗುತ್ತಾನೆ, ತಾನೇ ಬೆಂಬಲಿಸಿದ ಕಾನೂನುಗಳಿಗೆ ಹೆದರಿ ಕಾಡು ಸೇರುತ್ತಾನೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಸ್ಸು, ಶಾಲೆ, ಹೋಟೆಲುಗಳಲ್ಲಿ ಬಣ್ಣಕ್ಕೊಂದು ಬಾಗಿಲು ಇದ್ದ ಕಾಲದಲ್ಲಿ, ಬಿಳಿಯ ಮತ್ತು ಕಪ್ಪು ನರ್ತಕರನ್ನು ಒಂದೇ ಮೇಳದಲ್ಲಿ ಕುಣಿಸುತ್ತ ಈ ಮಾತನ್ನು ಆಡಿಸಿದ್ದು ಸಣ್ಣ ಧೈರ್ಯವಲ್ಲ. ಹಾರ್ಬರ್ಗನ ವಿಚಾರಗಳು ಮುಂದೆ ಅವನಿಗೆ ತೊಂದರೆಯನ್ನೂ ತಂದವು. 1950ರ ದಶಕದಲ್ಲಿ ಹಾಲಿವುಡ್ ಅವನನ್ನು ಕಪ್ಪುಪಟ್ಟಿಗೆ ಸೇರಿಸಿತು.

ಸೆನೆಟರನನ್ನು ಮಾಟ ಮಾಡಿ ಕೆಡಿಸಿದಳೆಂದು ಶ್ಯಾರನ್ನಳ ಮೇಲೆ ಅಪವಾದ ಬರುತ್ತದೆ; ಬೆಳಗಾಗುವುದರೊಳಗೆ ಆತನು ಬಿಳಿಯನಾಗದಿದ್ದರೆ ಅವಳನ್ನು ಸುಡುವರಂತೆ. ಅತ್ತ ಓಗನಿಗೆ ವುಡಿಯ ತಂಗಿ ಸೂಸನ್ ಎದುರಾಗುತ್ತಾಳೆ. ಅವಳು ಮೂಕಿ, ಹೇಳಬೇಕಾದುದನ್ನೆಲ್ಲ ಕುಣಿದು ಹೇಳುವವಳು. ಈ ಹುಡುಗಿ ಮಾತಾಡಬಾರದೇ ಎಂದು ಅವನು ಹಲುಬಿದಾಗ ಕೊಪ್ಪರಿಗೆ ಅವನ ಕಾಲ ಕೆಳಗೇ ಇರುತ್ತದೆ. ಎರಡನೆಯ ಕೋರಿಕೆಯೂ ಮುಗಿಯಿತು! ಸೂಸನ್ನಳ ಮೊದಲ ಮಾತೇ ಅವನ ಮೇಲಿನ ಪ್ರೀತಿಯ ಮಾತು. ಉಳಿದಿರುವುದು ಒಂದೇ ಕೋರಿಕೆ. ಮತ್ತೆ ಲೆಪ್ರಕಾನನಾಗಿ ಸಾವಿಲ್ಲದೆ ಬಾಳುವುದೋ, ಸೆನೆಟರನನ್ನು ಬಿಳಿಯನನ್ನಾಗಿಸಿ ಶ್ಯಾರನ್ನಳನ್ನು ಉಳಿಸುವುದೋ? ತೊಳಲಾಡುತ್ತಿದ್ದ ಓಗನನ್ನು ಸೂಸನ್ ಮುದ್ದಿಸುತ್ತಾಳೆ. ಇಷ್ಟು ಸೊಗಸಾಗಿದ್ದರೆ ಮನುಷ್ಯನಾಗಿ ಉಳಿಯುವುದರಲ್ಲಿ ನಷ್ಟವೇನು ಎಂದು ಆತನು ಕೊನೆಯ ಕೋರಿಕೆಯನ್ನು ಒಪ್ಪಿಸಿಬಿಡುತ್ತಾನೆ. ಓಗನ ಪಾತ್ರ ವಹಿಸಿದ ಡೇವಿಡ್ ವೇನ್ ಮೊಟ್ಟಮೊದಲ ವರ್ಷದ ಟೋನಿ ಪ್ರಶಸ್ತಿಗಳಲ್ಲಿ ಒಂದನ್ನು ಪಡೆದ.

ಬಿಳಿಯ ನಟನಿಗೆ ಮಸಿ ಬಳಿಯುವ ಪ್ರಸಂಗ ಮುಂದಿನ ತಲೆಮಾರಿಗೆ ಇರುಸುಮುರುಸನ್ನು ಉಂಟುಮಾಡಿತು. 1968ರಲ್ಲಿ ಫ್ರಾನ್ಸಿಸ್ ಫೋರ್ಡ್ ಕಪ್ಪೋಲ ನಿರ್ದೇಶಿಸಿದ ಚಲನಚಿತ್ರದಲ್ಲಿಯೂ ಅದೇ ಮಸಿ. ವರ್ಣಭೇದವನ್ನು ಹಳಿಯುವ ನಾಟಕವೇ ಹಳೆಯ ಅಣಕದ ವೇಷವನ್ನು ತೊಡಬೇಕಾದ ಇಕ್ಕಟ್ಟು ಇದು. 2009ರಲ್ಲಿ ಬ್ರಾಡ್‌ವೇಗೆ ಮರಳಿದಾಗ ಸೆನೆಟರನ ಪಾತ್ರಕ್ಕೆ ಇಬ್ಬರು ನಟರನ್ನು, ಒಬ್ಬ ಬಿಳಿಯ, ಒಬ್ಬ ಕಪ್ಪು, ಹಾಕಿ ಆ ತೊಡಕನ್ನು ಬಿಡಿಸಿದರು. ಇದು ಮೊದಲೇ ಹೊಳೆಯಬೇಕಾಗಿತ್ತು.

ಮೂರು ಕೋರಿಕೆಗಳು ತೀರಿದ ಮೇಲೆ ಕೊಪ್ಪರಿಗೆಯ ಹೊನ್ನೆಲ್ಲ ಕಿಲುಬು ಕಸವಾಗುತ್ತದೆ. ಮಗಳನ್ನು ವುಡಿಯ ಕೈಗೆ ಒಪ್ಪಿಸಿ ಫಿನಿಯನ್ ಮತ್ತೊಂದು ಕಾಮನಬಿಲ್ಲನ್ನು ಹುಡುಕುತ್ತ ಹೊರಡುತ್ತಾನೆ. ನಾಟಕದುದ್ದಕ್ಕೂ ತಂದೆಮಗಳು ಹಂಬಲಿಸಿದ ತವರೂರು ಗ್ಲಾಕ್ಕ ಮೋರ ಎಲ್ಲಿದೆಯೆಂದು ಐರ್ಲೆಂಡಿನ ನಕ್ಷೆಯಲ್ಲಿ ಹುಡುಕಿದರೆ ಸಿಕ್ಕದು. ಅಂತಹ ಊರೇ ಇಲ್ಲ.