ಹೂತಿಟ್ಟ ಬಂದೂಕು, ಹೂಳಲಾಗದ ನೆನಪು

2022ರ ಆಗಸ್ಟ್ 21. ಐರ್ಲೆಂಡಿನ ಕಾರ್ಕ್ ಕೌಂಟಿಯ ಬೇಲ್ ನ ಬ್ಲಾ ಎಂಬ ಹಳ್ಳಿಗಾಡಿನ ರಸ್ತೆಯ ತಿರುವಿನಲ್ಲಿ ಜನ ಕಿಕ್ಕಿರಿದು ಸೇರಿದ್ದರು. ಅದಕ್ಕೆ ನೂರು ವರ್ಷಗಳ ಹಿಂದೆ, 1922ರ ಆಗಸ್ಟ್ 22ರಂದು, ಐರಿಷ್ ಸ್ವಾತಂತ್ರ್ಯ ಹೋರಾಟದ ನಾಯಕ ಮೈಕೆಲ್ ಕಾಲಿನ್ಸ್ ಅದೇ ರಸ್ತೆಯಲ್ಲಿ ಹೊಂಚುದಾಳಿಗೆ ಬಲಿಯಾಗಿದ್ದರು. ಗುಂಡು ಹಾರಿಸಿದವರು ಬ್ರಿಟಿಷ್ ಸೈನಿಕರಲ್ಲ. ಹಿಂದಿನ ವರ್ಷದವರೆಗೂ ಅವರ ಜೊತೆಗೇ ನಿಂತು ಬ್ರಿಟಿಷರ ವಿರುದ್ಧ ಹೋರಾಡಿದ್ದ ಐರಿಷ್ ಪಡೆಯವರು.

ಶತಮಾನದ ಆ ಸ್ಮರಣೆಯಲ್ಲಿ ಇಬ್ಬರು ನಾಯಕರು ಒಂದೇ ವೇದಿಕೆಯಿಂದ ಮಾತನಾಡಿದರು. ಒಬ್ಬರು ಅಂದಿನ ಪ್ರಧಾನಿ ಮೀಹಾಲ್ ಮಾರ್ಟಿನ್. ಇನ್ನೊಬ್ಬರು ಅಂದಿನ ಉಪಪ್ರಧಾನಿ ಲಿಯೊ ವರಾಡ್ಕರ್, ಮುಂಬಯಿ ಮೂಲದ ವೈದ್ಯರೊಬ್ಬರ ಮಗ. ವರಾಡ್ಕರ್ ಅವರ ಫಿನೆ ಗೇಲ್ ಪಕ್ಷಕ್ಕೆ ಕಾಲಿನ್ಸ್ ಆರಾಧ್ಯ ಪುರುಷ. ಮಾರ್ಟಿನ್ ಅವರ ಫಿಯಾನಾ ಫಾಲ್ ಹುಟ್ಟಿದ್ದು ಕಾಲಿನ್ಸ್ ಅವರನ್ನು ಕೊಂದ ಪಾಳೆಯದಲ್ಲಿ.

ಹಾಗಾದರೆ ಐರ್ಲೆಂಡ್ ತನ್ನ ರಕ್ತಸಿಕ್ತ ಇತಿಹಾಸದೊಡನೆ ರಾಜಿಯಾಯಿತೇ? ದಕ್ಷಿಣದ ಮಟ್ಟಿಗೆ ಹೌದೆನ್ನಬಹುದು, ಅದಕ್ಕೆ ಒಂದು ಶತಮಾನ ಹಿಡಿಯಿತು. ಉತ್ತರದ ಮಟ್ಟಿಗೆ ಇಲ್ಲ. ಯಾರ ಹಿಂಸೆ ಇತಿಹಾಸವಾಗುತ್ತದೆ, ಯಾರದ್ದು ಅಪರಾಧವಾಗಿಯೇ ಉಳಿಯುತ್ತದೆ ಎಂಬ ಪ್ರಶ್ನೆಗೆ ಅಲ್ಲಿನ ಪಕ್ಷಗಳು ಇಂದಿಗೂ ಒಂದೇ ಉತ್ತರ ಕೊಡುವುದಿಲ್ಲ.

ಒಡೆದ ಮನೆ

1916ರ ಈಸ್ಟರ್ ವಾರದಲ್ಲಿ ಡಬ್ಲಿನ್‌ನಲ್ಲಿ ನಡೆದ ಸಶಸ್ತ್ರ ದಂಗೆಯನ್ನು ಬ್ರಿಟಿಷರು ಅಡಗಿಸಿದರು. ಆದರೆ ದಂಗೆಯ ನಾಯಕರನ್ನು ಗುಂಡಿಕ್ಕಿ ಕೊಂದಾಗ ಜನರ ಮನಸ್ಸು ತಿರುಗಿತು. 1918ರ ಚುನಾವಣೆಯಲ್ಲಿ ಐರ್ಲೆಂಡಿನ 105 ಸ್ಥಾನಗಳ ಪೈಕಿ 73ನ್ನು ಸಿನ್ ಫೇನ್ ಪಕ್ಷ ಗೆದ್ದಿತು. ಗೆದ್ದವರು ಲಂಡನ್ನಿಗೆ ಹೋಗದೆ 1919ರ ಜನವರಿಯಲ್ಲಿ ಡಬ್ಲಿನ್‌ನಲ್ಲೇ ತಮ್ಮ ಸಂಸತ್ತು ಸೇರಿಸಿದರು. ಜೊತೆಜೊತೆಗೇ ಐರಿಷ್ ರಿಪಬ್ಲಿಕನ್ ಆರ್ಮಿಯ (ಐಆರ್‌ಎ) ಗೆರಿಲ್ಲಾ ಯುದ್ಧವೂ ಆರಂಭವಾಯಿತು.

1921ರ ಡಿಸೆಂಬರ್ 6ರ ಒಪ್ಪಂದ ದೇಶದ 26 ಕೌಂಟಿಗಳಿಗೆ ಸ್ವಂತ ಸರ್ಕಾರ ಕೊಟ್ಟಿತು. ಆದರೆ ಸದಸ್ಯರು ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಉತ್ತರದ ಆರು ಕೌಂಟಿಗಳು ಬ್ರಿಟನ್ನಿನೊಳಗೇ ಉಳಿದವು. ಸಿಕ್ಕಷ್ಟನ್ನು ಹಿಡಿದು ಮುಂದೆ ಸಾಗೋಣ ಎಂದರು ಕಾಲಿನ್ಸ್. ಇದು ಗಣರಾಜ್ಯಕ್ಕೆ ಬಗೆದ ದ್ರೋಹ ಎಂದರು ಈಮನ್ ಡಿ ವೆಲೆರಾ. ಒಪ್ಪಂದದ ಪರ 64, ವಿರುದ್ಧ 57 ಮತ ಬಿದ್ದವು. ಏಳು ಮತಗಳ ಆ ಅಂತರ 1922ರ ಜೂನ್‌ನಿಂದ 1923ರ ಮೇವರೆಗೆ ಅಂತರ್ಯುದ್ಧವಾಗಿ ಉರಿಯಿತು.

ಅಣ್ಣತಮ್ಮಂದಿರ ಜಗಳ ಹೊರಗಿನವರ ಜಗಳಕ್ಕಿಂತ ಕ್ರೂರ ಎಂಬುದಕ್ಕೆ ಆ ಹನ್ನೊಂದು ತಿಂಗಳು ಸಾಕ್ಷಿ. ಹೊಸ ಸರ್ಕಾರ ತನ್ನ ಹಳೆಯ ಸಂಗಾತಿಗಳಿಗೇ ಮರಣದಂಡನೆ ವಿಧಿಸಿತು. ಹಾಗೆ ಸತ್ತವರ ಸಂಖ್ಯೆ 77 ಎಂಬುದು ಜನರ ನೆನಪಿನಲ್ಲಿ ಉಳಿದಿರುವ ಲೆಕ್ಕ. 1923ರ ಮಾರ್ಚ್‌ನಲ್ಲಿ ಕೆರಿ ಕೌಂಟಿಯ ಬಾಲಿಸೀಡಿಯಲ್ಲಿ ಒಂಬತ್ತು ಕೈದಿಗಳನ್ನು ನೆಲಬಾಂಬಿನ ಸುತ್ತ ಕಟ್ಟಿ ಸಿಡಿಸಲಾಯಿತು. ಒಬ್ಬ ಬದುಕುಳಿದದ್ದರಿಂದ ಲೋಕಕ್ಕೆ ಸಂಗತಿ ತಿಳಿಯಿತು. ಸರ್ಕಾರಿ ವಿಚಾರಣೆ ಮಾತ್ರ ಸೈನಿಕರ ತಪ್ಪಿಲ್ಲ ಎಂದಿತು.

ಸೋತ ಡಿ ವೆಲೆರಾ 1926ರಲ್ಲಿ ಫಿಯಾನಾ ಫಾಲ್ ಕಟ್ಟಿದರು. ತಮ್ಮದು ‘ಒಂದಿಷ್ಟು ಮಾತ್ರ ಸಂವಿಧಾನಬದ್ಧ’ವಾದ ಪಕ್ಷ ಎಂದು ಅದರ ನಾಯಕ ಷಾನ್ ಲೆಮಾಸ್ 1928ರಲ್ಲಿ ಸಂಸತ್ತಿನಲ್ಲೇ ಹೇಳಿದ್ದುಂಟು. 1932ರ ಮಾರ್ಚ್‌ನಲ್ಲಿ ಆ ಪಕ್ಷ ಚುನಾವಣೆಯ ಮೂಲಕವೇ ಅಧಿಕಾರಕ್ಕೆ ಬಂತು. ಅಂತರ್ಯುದ್ಧ ಗೆದ್ದವರು ಸೋತವರಿಗೆ ಶಾಂತವಾಗಿ ಅಧಿಕಾರ ಬಿಟ್ಟುಕೊಟ್ಟರು. ಆದರೆ ಹೊರಡುವ ಮೊದಲು ಯುದ್ಧಕಾಲದ ಹಲವು ಕಡತಗಳನ್ನು ಸುಡಿಸಿದರು. ಮರುವರ್ಷ ಅವರ ಪಕ್ಷ ಇತರರೊಡನೆ ಸೇರಿ ಫಿನೆ ಗೇಲ್ ಆಯಿತು.

ಡಿ ವೆಲೆರಾ ಸರ್ಕಾರ 1937ರಲ್ಲಿ ತಂದ ಸಂವಿಧಾನದಿಂದಲೇ ನಮ್ಮ ಸಂವಿಧಾನ ಶಿಲ್ಪಿಗಳು ರಾಜ್ಯನೀತಿ ನಿರ್ದೇಶಕ ತತ್ತ್ವಗಳ ಕಲ್ಪನೆಯನ್ನು ಎರವಲು ಪಡೆದರು. ಬಂದೂಕು ಹಿಡಿದ ಕೈಯೇ ಸಂವಿಧಾನವನ್ನೂ ಬರೆಯಿತು ಎಂಬುದು ಐರ್ಲೆಂಡಿನ ವಿಶೇಷ.

ಆಮೇಲೆ ಸುಮಾರು ಎಂಟು ದಶಕ ಇವೆರಡು ಪಕ್ಷಗಳೇ ಸರದಿಯಂತೆ ಸರ್ಕಾರಗಳ ನೇತೃತ್ವ ವಹಿಸಿದವು. ಆರ್ಥಿಕ ನೀತಿಯಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ. ಅಜ್ಜ 1922ರಲ್ಲಿ ಯಾವ ಕಡೆಗಿದ್ದ ಎಂಬುದೇ ಅನೇಕ ಮನೆಗಳಲ್ಲಿ ಮೊಮ್ಮಗನ ಮತವನ್ನು ನಿರ್ಧರಿಸುತ್ತಿತ್ತು. ಅಂತರ್ಯುದ್ಧದ ವಿವರಗಳನ್ನು ಮಾತ್ರ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಮೌನವೇ ಮುಲಾಮು ಆಯಿತು.

ಮೂರನೆಯವರ ಪ್ರವೇಶ

ಉತ್ತರದಲ್ಲಿ ಮೌನಕ್ಕೆ ಎಡೆಯೇ ಸಿಗಲಿಲ್ಲ. ಅಲ್ಲಿ ಬ್ರಿಟನ್ನಿನೊಡನೆ ಇರಬಯಸುವ ಪ್ರಾಟೆಸ್ಟಂಟರು ಬಹುಸಂಖ್ಯಾತರಾಗಿದ್ದರು. ಮನೆ ಹಂಚಿಕೆ, ನೌಕರಿ, ಸ್ಥಳೀಯ ಮತದಾನ ಎಲ್ಲದರಲ್ಲೂ ತಾರತಮ್ಯ ಎಂಬ ಕ್ಯಾಥೊಲಿಕರ ದೂರು 1968ರಲ್ಲಿ ನಾಗರಿಕ ಹಕ್ಕುಗಳ ಚಳವಳಿಯಾಗಿ ಬೀದಿಗೆ ಬಂತು. ಅದಕ್ಕೆ ಲಾಠಿ ಉತ್ತರವಾಯಿತು, ಲಾಠಿಯ ಹಿಂದೆ ಬಂದೂಕು ಬಂತು. 1998ರವರೆಗಿನ ಮೂರು ದಶಕಗಳಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಕೊಂದದ್ದು ಹೊಸ ರೂಪದ ಐಆರ್‌ಎ. ಉಳಿದವರಲ್ಲಿ ಹೆಚ್ಚಿನವರು ಬ್ರಿಟಿಷ್ ನಿಷ್ಠ ಸಶಸ್ತ್ರ ಗುಂಪುಗಳಿಗೂ ಹತ್ತರಲ್ಲಿ ಒಬ್ಬರು ಪೊಲೀಸ್ ಮತ್ತು ಸೈನ್ಯದ ಗುಂಡಿಗೂ ಬಲಿಯಾದರು.

1998ರ ಏಪ್ರಿಲ್ 10ರ ಗುಡ್ ಫ್ರೈಡೆ ಒಪ್ಪಂದ ಈ ರಕ್ತಪಾತಕ್ಕೆ ತಡೆ ಹಾಕಿತು. ಅಧಿಕಾರ ಹಂಚಿಕೆಗೆ ಅದರಲ್ಲಿ ದಾರಿಯಿತ್ತು. ಕದನವಿರಾಮ ಒಪ್ಪಿದ ಸಂಘಟನೆಗಳ ಕೈದಿಗಳಿಗೆ ಎರಡು ವರ್ಷಗಳೊಳಗೆ ಬಿಡುಗಡೆಯೂ ಇತ್ತು. ಸತ್ತವರ ಮನೆಯವರಿಗೆ ಸತ್ಯವನ್ನು ಯಾರು, ಹೇಗೆ ತಿಳಿಸಬೇಕು ಎಂಬುದಕ್ಕೆ ಮಾತ್ರ ವ್ಯವಸ್ಥೆ ಇರಲಿಲ್ಲ. ಅದನ್ನು ಕೆದಕಿದ್ದರೆ ಒಪ್ಪಂದವೇ ಮುರಿಯುತ್ತಿತ್ತೇನೋ. ಆದರೆ ಹಾಗೆ ಬದಿಗಿಟ್ಟ ಪ್ರಶ್ನೆಯೇ ಇಂದು ರಾಜಕೀಯದ ನಡುಮನೆಯಲ್ಲಿ ಕುಳಿತಿದೆ.

ಐಆರ್‌ಎಯ ರಾಜಕೀಯ ಮುಖ ಎನಿಸಿದ್ದ ಸಿನ್ ಫೇನ್ ಇಂದು ಗಡಿಯ ಎರಡೂ ಬದಿಯಲ್ಲಿ ದೊಡ್ಡ ಪಕ್ಷ. ಐಆರ್‌ಎ 2005ರಲ್ಲಿ ಶಸ್ತ್ರಗಳನ್ನು ತೊರೆಯಿತು. 2020ರ ಚುನಾವಣೆಯಲ್ಲಿ ದಕ್ಷಿಣದಲ್ಲಿ ಸಿನ್ ಫೇನ್‌ಗೆ ಎಲ್ಲರಿಗಿಂತ ಹೆಚ್ಚು, ಶೇ 24.5ರಷ್ಟು ಮೊದಲ ಪ್ರಾಶಸ್ತ್ಯದ ಮತಗಳು ಬಿದ್ದಾಗಲೇ ಫಿಯಾನಾ ಫಾಲ್ ಮತ್ತು ಫಿನೆ ಗೇಲ್ ಮೊದಲ ಬಾರಿಗೆ ಕೈಜೋಡಿಸಿ ಸರ್ಕಾರ ರಚಿಸಿದ್ದು. 2024ರ ಚುನಾವಣೆಯ ನಂತರವೂ ಅದೇ ಮೈತ್ರಿ ಮುಂದುವರಿಯಿತು. ಉತ್ತರದಲ್ಲಿ 2024ರ ಫೆಬ್ರುವರಿಯಲ್ಲಿ ಸಿನ್ ಫೇನ್‌ನ ಮಿಷೆಲ್ ಓನೀಲ್ ಪ್ರಥಮ ಸಚಿವೆಯಾದರು. ಅಂದು ಬೇರೆ ಮಾರ್ಗವಿರಲಿಲ್ಲ ಎಂಬ ಅರ್ಥದ ಅವರ 2022ರ ಮಾತು ಬಲಿಯಾದವರ ಕುಟುಂಬಗಳನ್ನು ನೋಯಿಸಿತ್ತು. ಪಕ್ಷದ ಹಿರಿಯರಲ್ಲಿ ಮಾರ್ಟಿನ್ ಮಗಿನ್ನಿಸ್ ತಾವು 1972ರಲ್ಲಿ ಐಆರ್‌ಎಯ ಡೆರಿ ಘಟಕದ ಎರಡನೆಯ ನಾಯಕರಾಗಿದ್ದುದನ್ನು ಒಪ್ಪಿಕೊಂಡಿದ್ದರು. ಗೆರಿ ಆಡಮ್ಸ್ ತಾವು ಎಂದೂ ಅದರ ಸದಸ್ಯರಾಗಿರಲಿಲ್ಲ ಎಂದೇ ಹೇಳುತ್ತ ಬಂದಿದ್ದಾರೆ.

ಸಿನ್ ಫೇನ್ ಕೇಳುವ ಪ್ರಶ್ನೆ ನೇರವಾದದ್ದು: ನಿಮ್ಮ ಪಕ್ಷಗಳನ್ನು ಕಟ್ಟಿದವರ ಕೈಯಲ್ಲೂ ಬಂದೂಕಿತ್ತಲ್ಲ, ಅದು ಪವಿತ್ರ, ನಮ್ಮದು ಪಾಪವೇ? ಎದುರಾಳಿಗಳ ಉತ್ತರ: 1918ರಲ್ಲಿ ಜನಾದೇಶವಿತ್ತು; ಉತ್ತರದಲ್ಲಿ 2001ರವರೆಗೂ ಕ್ಯಾಥೊಲಿಕರ ಹೆಚ್ಚಿನ ಮತ ಬೀಳುತ್ತಿದ್ದುದು ಹಿಂಸೆಯನ್ನು ವಿರೋಧಿಸಿದ ಎಸ್‌ಡಿಎಲ್‌ಪಿ ಪಕ್ಷಕ್ಕೆ. ಇದು ತೂಕದ ಮಾತು. ಆದರೆ 1916ರಲ್ಲಿ ಬಂದೂಕೆತ್ತಿದವರೂ ಜನರ ಮತ ಕೇಳಿರಲಿಲ್ಲ ಎಂಬುದು ಅಷ್ಟೇ ನಿಜ.

ಬ್ರಿಟನ್ನಿನ ಕೈಯೂ ಶುದ್ಧವಿಲ್ಲ. 1972ರ ಜನವರಿ 30ರಂದು ಡೆರಿ ನಗರದಲ್ಲಿ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಮಂದಿಯನ್ನು ಕೊಂದರು. ಗಾಯಾಳು ಒಬ್ಬರು ಆಮೇಲೆ ತೀರಿಕೊಂಡರು. ಕೊಲೆಯಾದವರು ನಿರಪರಾಧಿಗಳು ಎಂದು ಬ್ರಿಟಿಷ್ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2010ರಲ್ಲಿ, 38 ವರ್ಷಗಳ ನಂತರ. ಆ ಪ್ರಕರಣದಲ್ಲಿ ಕೊಲೆ ವಿಚಾರಣೆಗೆ ಒಳಗಾದ ಏಕೈಕ ಸೈನಿಕ 2025ರ ಅಕ್ಟೋಬರ್‌ನಲ್ಲಿ ಖುಲಾಸೆಯಾದ. 2023ರಲ್ಲಿ ಬ್ರಿಟನ್ ಮಾಡಿದ ಕಾನೂನು, ಮಾಹಿತಿ ಕೊಟ್ಟವರಿಗೆ ಷರತ್ತಿನ ಕ್ಷಮಾದಾನ ನೀಡಹೊರಟಿತು. ಸದಾ ಕಚ್ಚಾಡುವ ಉತ್ತರದ ಪಕ್ಷಗಳೆಲ್ಲ ಒಂದಾಗಿ ಅದನ್ನು ವಿರೋಧಿಸಿದವು. ಡಬ್ಲಿನ್ ಸರ್ಕಾರ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿತು. 2025ರ ಸೆಪ್ಟೆಂಬರ್‌ನಲ್ಲಿ ಎರಡೂ ಸರ್ಕಾರಗಳು ಹೊಸ ವ್ಯವಸ್ಥೆಯೊಂದಕ್ಕೆ ಒಪ್ಪಿವೆ.

ಎಲ್ಲಿದೆ ಶವ?

ಈ ವಾದಗಳ ನಡುವೆ ಸದ್ದಿಲ್ಲದೆ ನಡೆದಿರುವ ಕೆಲಸವೊಂದಿದೆ. ಐಆರ್‌ಎ ಕೆಲವರನ್ನು ಕೊಂದು ಗುಟ್ಟಾಗಿ ಹೂತುಹಾಕಿತ್ತು. 1972ರ ಡಿಸೆಂಬರ್‌ನಲ್ಲಿ ಬೆಲ್‌ಫಾಸ್ಟ್‌ನ ಮನೆಯಿಂದ ಹೊತ್ತೊಯ್ದ, ಹತ್ತು ಮಕ್ಕಳ ವಿಧವೆ ತಾಯಿ ಅವರಲ್ಲೊಬ್ಬಳು. ಅವಳ ಅವಶೇಷ ದೊರೆತದ್ದು 2003ರ ಆಗಸ್ಟ್‌ನಲ್ಲಿ, ಗಡಿಯಾಚೆಯ ಲೌತ್ ಕೌಂಟಿಯ ಕಡಲ ತೀರದಲ್ಲಿ. ಇಂಥವರನ್ನು ಹುಡುಕಲು ಎರಡೂ ಸರ್ಕಾರಗಳು 1999ರಲ್ಲಿ ಆಯೋಗವೊಂದನ್ನು ನೇಮಿಸಿದವು. ಅದಕ್ಕೆ ಕೊಟ್ಟ ಮಾಹಿತಿಯನ್ನು ಯಾವ ನ್ಯಾಯಾಲಯದಲ್ಲೂ ಸಾಕ್ಷ್ಯವಾಗಿ ಬಳಸುವಂತಿಲ್ಲ. ಆ ಭರವಸೆಯ ಮೇಲೆ ಹಳೆಯ ಐಆರ್‌ಎ ಮಂದಿ ಬಾಯಿಬಿಟ್ಟರು. ಪಟ್ಟಿಯಲ್ಲಿರುವ 17 ಹೆಸರುಗಳಲ್ಲಿ 2025ರ ವೇಳೆಗೆ 13 ಮಂದಿಯ ಅವಶೇಷ ಸಿಕ್ಕಿತ್ತು.

ಅಂದರೆ ಆ ಕುಟುಂಬಗಳು ಶಿಕ್ಷೆಯ ಆಸೆ ಬಿಟ್ಟು ಒಂದು ಸಮಾಧಿಯನ್ನು ಪಡೆದವು. ಎಲ್ಲರೂ ಈ ಬೆಲೆ ತೆರಬೇಕೆಂದು ಸರ್ಕಾರ ಕಾನೂನಿನಿಂದ ಹೇರಹೊರಟರೆ ಅದು ಅನ್ಯಾಯ. ನೊಂದವರೇ ಒಪ್ಪಿದರೆ ಅದು ಸಮಾಧಾನ. ಬೇಲ್ ನ ಬ್ಲಾದ ವೇದಿಕೆಯಲ್ಲಿ ಎರಡು ಪಕ್ಷಗಳು ಒಂದಾಗುವ ಹೊತ್ತಿಗೆ 1922ರ ವಿಧವೆಯರಾಗಲಿ, ಅನಾಥ ಮಕ್ಕಳಾಗಲಿ ಕೇಳಲು ಉಳಿದಿರಲಿಲ್ಲ. ಉತ್ತರದಲ್ಲಿ ಅವರು ಇನ್ನೂ ಬದುಕಿದ್ದಾರೆ. ಉಳಿದ ನಾಲ್ವರಿಗಾಗಿ ಗಡಿಭಾಗದ ಜೌಗು ನೆಲವನ್ನು ಮತ್ತೆ ಮತ್ತೆ ಅಗೆಯುವಾಗ, ಆ ಮನೆಯವರಿಗೆ ನೂರು ವರ್ಷ ಕಾಯಿರಿ ಎಂದು ಹೇಳಲು ಯಾವ ಪಕ್ಷಕ್ಕೂ ಬಾಯಿಲ್ಲ.