ಮೆಣಸಿನಕಾಯಿ ಹೊತ್ತ ಫಾರ್ಗೋ

ಫಾರ್ಗೋ ಲಾರಿಯ ಎಡಮಗ್ಗುಲಿನ ಗಾಲಿ ಬಿಚ್ಚಬೇಕೆಂದರೆ ಪಾನಾವನ್ನು ಬಲಕ್ಕೆ ತಿರುಗಿಸಬೇಕು. ಬಲಮಗ್ಗುಲಿನ ಗಾಲಿಗಾದರೆ ಎಡಕ್ಕೆ. ಕಂಡ ಕಂಡ ನಟ್ಟುಗಳೆಲ್ಲ ಎಡಕ್ಕೆ ತಿರುಗಿಸಿದರೆ ಸಡಿಲಾಗುವುದನ್ನೇ ನೋಡಿದ್ದ ಹುಡುಗನೊಬ್ಬ ಕ್ಲೀನರ್ ಆಗಿ ಸೇರಿದ ಮೊದಲ ದಿನವೇ ಪಂಚರ್ ಆದರೆ ಮುಗಿಯಿತು. ಬಿಗಿಯಾಗಿದ್ದ ನಟ್ಟನ್ನು ಇನ್ನಷ್ಟು ಬಿಗಿ ಮಾಡುತ್ತ, ಪಾನಾದ ಹಿಡಿಕೆಗೆ ಪೈಪು ಸಿಕ್ಕಿಸಿ ಅದರ ಮೇಲೆ ನಿಂತು ಕುಪ್ಪಳಿಸುತ್ತ, ಕೊನೆಗೆ ಬೋಲ್ಟನ್ನೇ ಮುರಿದು ಕೈಗೆ ಕೊಡುತ್ತಿದ್ದ.

"ಒಂದ್ ಬೋಲ್ಟ್ ಮುರದ ಮ್ಯಾಲೇ ಹುಡುಗ ಕೆಲಸಕ್ಕ ಬಂದಂಗ ನೋಡ್ರಿ. ನಾನೂ ಮುರದೇನಿ. ಮಾಲಕರು ಏನೂ ಅನಲಿಲ್ಲ, ನಮ್ಮ ಉಸ್ತಾದ ಮಾತ್ರ ಪಾನಾ ಎತ್ಕೊಂಡು ಬಂದಿದ್ದ" ಎನ್ನುತ್ತಾರೆ ಮೋಟೆಬೆನ್ನೂರಿನ ಮಿಸ್ತ್ರಿ ಅಜ್ಜ. ವಯಸ್ಸು ಎಂಬತ್ತು ದಾಟಿದೆ. ಊರಿನವರಿಗೆಲ್ಲ ಅವರು ಮಿಸ್ತ್ರಿ ಅಜ್ಜನೇ. ಹೆಸರು ಪೇಪರಿನಲ್ಲಿ ಬರುವುದು ಬೇಡವೆಂದು ಕೇಳಿಕೊಂಡಿದ್ದರಿಂದ ಇಲ್ಲೂ ಹಾಗೆಯೇ ಕರೆಯುತ್ತೇನೆ.

ಬೋಲ್ಟಿನ ತಲೆಯ ಮೇಲೆ ಇಂಗ್ಲಿಷಿನ 'ಎಲ್' ಅಕ್ಷರ ಒತ್ತಿರುತ್ತಿತ್ತು. ಇಂಗ್ಲಿಷ್ ಓದು ಬಾರದ ಹುಡುಗರು ಕೆಸರು ಒರೆಸಿ ಆ ಒಂದು ಅಕ್ಷರವನ್ನು ಬೆರಳಿನಿಂದ ಮುಟ್ಟಿ ಗುರುತಿಸುವುದನ್ನು ಕಲಿತರು. ಈ ಏರ್ಪಾಟಿಗೆ ಕಾರಣವಿತ್ತು. ಲಾರಿ ಮುಂದೆ ಓಡುವಾಗ, ಎಡಗಡೆ ನಿಂತು ನೋಡುವವನ ಕಣ್ಣಿಗೆ ಗಾಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಎಲ್ಲ ನಟ್ಟುಗಳ ಹಾಗೆ ಬಲಕ್ಕೆ ಬಿಗಿಯಾಗುವ ನಟ್ಟು ಹಾಕಿದರೆ ಓಡುತ್ತ ಓಡುತ್ತ ಸಡಿಲಾದೀತೆಂಬ ಅಂಜಿಕೆಯಿಂದ ಎಡಗಡೆಗೆ ಉಲ್ಟಾ ಮರೆಯ ಬೋಲ್ಟು ಕೊಡುತ್ತಿದ್ದರು. ಇದು ಫಾರ್ಗೋ ಒಂದರದೇ ಪದ್ಧತಿಯಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಹೆಚ್ಚುಕಡಿಮೆ 1970ರವರೆಗೂ ಹೀಗೆಯೇ ಇತ್ತು, ಯುದ್ಧಕಾಲದ ಜೀಪಿನಲ್ಲೂ ಇತ್ತು. ಆದರೆ ಮಿಸ್ತ್ರಿ ಅಜ್ಜನಿಗೆ ಅದು ಫಾರ್ಗೋದ ಗುಣ. "ಅದರ ಸ್ವಭಾವ ತಿಳದವನಿಗೆ ಅದು ಒಲೀತಿತ್ತು" ಎನ್ನುತ್ತ, ಇಲ್ಲದ ಗಾಲಿಯ ಇಲ್ಲದ ನಟ್ಟನ್ನು ಎರಡೂ ಕೈಯಿಂದ ಬಲಕ್ಕೆ ತಿರುಗಿಸಿ ತೋರಿಸುತ್ತಾರೆ.

ಮೋಟೆಬೆನ್ನೂರು ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಮೈಲಾರ ಮಹಾದೇವಪ್ಪ. 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಯುವಕನ ಊರು ಇದು. ಅದರ ಜೊತೆಗೆ ಇದು ಪುಣೆ–ಬೆಂಗಳೂರು ರಸ್ತೆಯ ಊರೂ ಹೌದು. ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವವರು ಇಲ್ಲಿ ಹಾಯುತ್ತಾರೆ, ಬ್ಯಾಡಗಿಯ ಪೇಟೆಗೆ ಹೋಗುವವರು ಇಲ್ಲಿ ಹೊರಳುತ್ತಾರೆ. 1956ರ ನವೆಂಬರ್ 1ರವರೆಗೆ ಈ ಸೀಮೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆ. ರಾಣೆಬೆನ್ನೂರು ದಾಟಿ ತುಂಗಭದ್ರೆಯ ಆಚೆ ದಂಡೆಯ ಹರಿಹರಕ್ಕೆ ಕಾಲಿಟ್ಟರೆ ಮೈಸೂರು. ಹೀಗಾಗಿ ಈ ಊರಿನ ಲಾರಿಗಳು ಮುಂಬಯಿಯ ಕಡೆ ಮುಖ ಮಾಡಿದ್ದು ಸಹಜ. ಮೆಣಸಿನಕಾಯಿ, ಹತ್ತಿ ಆ ಕಡೆ ಹೋದವು, ಲಾರಿಗಳು ಆ ಕಡೆಯಿಂದಲೇ ಬಂದವು.

ಅಮೆರಿಕದ ಹೆಸರು ಹೊತ್ತ ಈ ಲಾರಿ ತಯಾರಾಗುತ್ತಿದ್ದದ್ದು ಮುಂಬಯಿಯ ಕುರ್ಲಾದಲ್ಲಿ. ಅದರ ಹಿಂದೆ ಕನ್ನಡಿಗರು ಮರೆತೇಬಿಟ್ಟಿರುವ ಒಂದು ಕಥೆಯಿದೆ. ಭಾರತದಲ್ಲೇ ಮೋಟಾರು ತಯಾರಾಗಬೇಕೆಂದು ಹಟ ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲಿಗರು. 1935ರಲ್ಲಿ, ಎಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಅವರು ಯುರೋಪು, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಯೋಜನೆ ಸಿದ್ಧಪಡಿಸಿದರು. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ ಹೀರಾಚಂದ ಅವರ ಜೊತೆಗೂಡಿದರು. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲೇ ಸ್ಥಾಪಿಸುವ ಮಾತೂ ನಡೆಯಿತು. ಯುದ್ಧಕಾಲದ ಬ್ರಿಟಿಷ್ ಭಾರತ ಸರ್ಕಾರ ಒಲವು ತೋರಲಿಲ್ಲ. ಅದೇ ವಾಲಚಂದರು 1940ರಲ್ಲಿ ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, ಅದೇ ಇಂದಿನ ಎಚ್‌ಎಎಲ್. ಮೋಟಾರು ಮಾತ್ರ ನಮ್ಮ ಕೈತಪ್ಪಿತು. ಕ್ರೈಸ್ಲರ್ ಜೊತೆಗಿನ ಒಪ್ಪಂದದ ಬಲದ ಮೇಲೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು, 1947ರಲ್ಲಿ ಕುರ್ಲಾದಿಂದ ಗಾಡಿಗಳು ಹೊರಬಿದ್ದವು. ಕನ್ನಡ ನೆಲದಲ್ಲಿ ಹುಟ್ಟಬೇಕಾಗಿದ್ದ ಲಾರಿ ಮುಂಬಯಿಯಲ್ಲಿ ಹುಟ್ಟಿ ನಮ್ಮೂರಿಗೆ ಬಂತು ಎಂದು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ.

ಬಂದದ್ದು ಒಂದೇ ಹೆಸರಿನಿಂದಲ್ಲ. ಡಾಜ್, ಡಿಸೋಟೊ, ಫಾರ್ಗೋ ಎಂದು ಮೂರು ಹೆಸರು. ಮೂರಕ್ಕೂ ಕಾರ್ಖಾನೆ ಒಂದೇ, ಚಾಸಿಯೂ ಒಂದೇ. ಮೂತಿಯ ಮೇಲಿನ ಬಿಲ್ಲೆ ಬೇರೆ, ಮಾರುವ ಏಜೆಂಟರು ಬೇರೆ. ಇದು ಕ್ರೈಸ್ಲರ್‌ನ ಹಳೆಯ ವ್ಯಾಪಾರದ ಚಾಳಿ. 1928ರಲ್ಲಿ ವಾಲ್ಟರ್ ಕ್ರೈಸ್ಲರ್ ಡಾಜ್ ಸಹೋದರರ ಕಂಪನಿಯನ್ನು ಕೊಂಡುಕೊಂಡ. ಅದೇ ವರ್ಷ ಪ್ಲಿಮತ್, ಡಿಸೋಟೊ, ಫಾರ್ಗೋ ಹೆಸರುಗಳೂ ಪೇಟೆಗೆ ಬಂದವು. ಡಿಸೋಟೊ ಮೊದಲ ವರ್ಷವೇ 81,065 ಕಾರು ಮಾರಿ ಅಮೆರಿಕದಲ್ಲಿ ದಾಖಲೆ ಮಾಡಿತ್ತು. ಪ್ಲಿಮತ್, ಡಾಜ್ ಕಾರುಗಳು ಮುಂಬಯಿಯಲ್ಲಿ ಟ್ಯಾಕ್ಸಿಗಳಾಗಿ ಎಷ್ಟೋ ವರ್ಷ ಓಡಿದವು. ಆದರೆ ಬ್ಯಾಡಗಿ ಪೇಟೆಗೆ ಕಾರಿನಿಂದ ಆಗಬೇಕಾದದ್ದೇನು? ಇಲ್ಲಿ ಬೇಕಾಗಿದ್ದದ್ದು ಮಾಲು ಹೊರುವ ಗಾಡಿ.

ಲಾರಿ ಎಂದು ನಾವು ಕರೆಯುವುದನ್ನು ಕಂಪನಿ ಇಡಿಯಾಗಿ ಕೊಡುತ್ತಿರಲಿಲ್ಲ. ಕೊಟ್ಟದ್ದು ಎಂಜಿನ್, ಬಾನೆಟ್ಟು, ಸ್ಟಿಯರಿಂಗು, ನಾಲ್ಕು ಗಾಲಿಯ ಬರೀ ಚಾಸಿ. ಕೂರಲು ಒಂದು ಕಟ್ಟಿಗೆಯ ಪೆಟ್ಟಿಗೆಯನ್ನು ಹಗ್ಗದಿಂದ ಬಿಗಿದುಕೊಂಡು, ಕಣ್ಣಿಗೆ ಚಾಳೀಸು, ಮೂಗು ಬಾಯಿಗೆ ಟವೆಲ್ಲು ಕಟ್ಟಿಕೊಂಡು ಡ್ರೈವರ್ ಕುರ್ಲಾದಿಂದ ಹೊರಡುತ್ತಿದ್ದ. ಮೇಲೆ ಚಾವಣಿಯಿಲ್ಲ, ಮುಂದೆ ಗಾಜಿಲ್ಲ. ಖಂಡಾಲ, ಕಾತ್ರಜ್, ಖಂಬಾಟಕಿ ಘಾಟುಗಳನ್ನು ಇಳಿದೇರಿ, ಸಾತಾರ, ಕೊಲ್ಹಾಪುರ, ಬೆಳಗಾವಿ, ಧಾರವಾಡ ಹಾಯ್ದು ಹುಬ್ಬಳ್ಳಿಗೆ ಬಂದು ಮುಟ್ಟುವ ಹೊತ್ತಿಗೆ ಮನುಷ್ಯನ ಗುರುತು ಸಿಗುತ್ತಿರಲಿಲ್ಲ. "ಖಾನಾವಳಿಯವರು ಮೊದಲು ಬಾವಿಕಟ್ಟಿಗೆ ಕಳಸ್ತಿದ್ರು, ಆಮ್ಯಾಲೆ ಒಳಗ ಕರೀತಿದ್ರು" ಎಂದು ಅಜ್ಜ ನಗುತ್ತಾರೆ.

ಹುಬ್ಬಳ್ಳಿಯಲ್ಲಿ ಬಡಿಗೇರರ ಕೈಗೆ ಚಾಸಿ ಹೋಗುತ್ತಿತ್ತು. ಕ್ಯಾಬಿನ್, ಬಾಗಿಲು, ಹಿಂದಿನ ತೊಟ್ಟಿ ಎಲ್ಲವೂ ಕಟ್ಟಿಗೆಯದು. ಮೆಣಸಿನಕಾಯಿ ಲಾರಿಯ ಬಾಡಿಗೆ ಒಂದು ವಿಶೇಷವಿತ್ತು ಎನ್ನುತ್ತಾರೆ ಅಜ್ಜ. ಮೆಣಸಿನಕಾಯಿ ಹಗುರ, ಜಾಗ ಮಾತ್ರ ಹೆಚ್ಚು ಬೇಡುತ್ತದೆ. ಅಕ್ಕಿ, ಜೋಳದ ಚೀಲವಾದರೆ ತೊಟ್ಟಿ ತುಂಬುವ ಮೊದಲೇ ತೂಕ ಮುಗಿಯುತ್ತದೆ, ಮೆಣಸಿನಕಾಯಿಯಲ್ಲಿ ತೊಟ್ಟಿ ತುಂಬಿ ಮೇಲೇರಿದರೂ ತೂಕ ಬಾಕಿ. ಆದ್ದರಿಂದ ಅಡ್ಡಪಟ್ಟಿಗಳನ್ನು ಎತ್ತರಿಸಿ, ಕ್ಯಾಬಿನ್ನಿನ ನೆತ್ತಿಯ ಮೇಲೂ ಚೀಲ ಹೇರಲು ಬರುವಂತೆ ಕಟ್ಟಿಸುತ್ತಿದ್ದರು. ಹಮಾಲರು ಹೇರಿ, ತಾಡಪತ್ರಿ ಹೊದಿಸಿ, ಹಗ್ಗ ಬಿಗಿದು ಇಳಿದರೆ ಲಾರಿ ಜಾತ್ರೆಯ ತೇರಿನ ಹಾಗೆ ಕಾಣುತ್ತಿತ್ತಂತೆ. ಗಾಳಿ ಬೀಸಿದರೆ ವಾಲುತ್ತಿತ್ತು. ಘಾಟಿನ ತಿರುವಿನಲ್ಲಿ ಕ್ಲೀನರ್ ಕೆಳಗಿಳಿದು ಕಲ್ಲು ಹಿಡಿದು ಹಿಂದಿನ ಗಾಲಿಯ ಬಳಿ ನಡೆಯುತ್ತಿದ್ದ. ಚೀಲದ ಘಾಟಿಗೆ ಕಣ್ಣು, ಮೂಗು ಉರಿಯುವುದಂತೂ ಕೂಲಿಯ ಜೊತೆ ಸಿಗುವ ಮೇಲುಗಳಿಕೆ.

ಬ್ಯಾಡಗಿಯ ಹಿರಿಯ ದಲಾಲರೊಬ್ಬರ ಮನೆಯಲ್ಲಿ ಫಾರ್ಗೋ ಇತ್ತು. ಅವರು ಹೇಳುವುದು ಬೇರೆಯೇ ದನಿಯಲ್ಲಿ. ಅವರ ತಂದೆ ಅದನ್ನು ಕೈಬದಲಾದ ಗಾಡಿಯಾಗಿಯೇ ಕೊಂಡದ್ದು. ಮೊದಲು ಪೆಟ್ರೋಲ್ ಎಂಜಿನ್ ಇತ್ತು. ಅದು ಕುಡಿಯುವುದನ್ನು ತಾಳಲಾರದೆ ಪರ್ಕಿನ್ಸ್ ಡೀಸೆಲ್ ಕೂರಿಸಿದರು. "ಆರು ಸಿಲಿಂಡರಿಂದು. ಹೊಡಸಬೇಕಾದ್ರ ಕೈ ಸೋಲ್ತಿತ್ತು, ಹತ್ತಿತು ಅಂದ್ರ ಮಾತ್ರ ಏನ ಮೆತ್ತಗ ಓಡ್ತಿತ್ತು!" ಎಂದರು. ಚಳಿಗಾಲದ ಬೆಳಗಿನಲ್ಲಿ ಹ್ಯಾಂಡಲ್ ಹಾಕಿ ತಿರುಗಿಸಲು ಇಬ್ಬರು ಬೇಕಾಗುತ್ತಿತ್ತು. ಸ್ಟಿಯರಿಂಗ್ ಭಾರ, ಕ್ಯಾಬಿನ್ ಬೆಂಕಿ. ಗೇರ್ ಬದಲಿಸಲು ಕ್ಲಚ್ಚನ್ನು ಎರಡು ಸಲ ಒತ್ತಬೇಕು, ಎಂಜಿನ್ನಿನ ದನಿ ಕೇಳಿ ಹೊತ್ತು ಹಿಡಿಯಬೇಕು. ತಪ್ಪಿದರೆ ಗರಗರ ಸದ್ದಿಗೆ ಇಡೀ ಓಣಿ ತಿರುಗಿ ನೋಡುತ್ತಿತ್ತು. ಬ್ರೇಕಿನ ವಿಷಯದಲ್ಲಿ ಮಾತ್ರ ಅವರಿಗೆ ಇವತ್ತಿಗೂ ಅಭಿಮಾನ. ಕ್ರೈಸ್ಲರ್ 1924ರ ತನ್ನ ಮೊದಲ ಕಾರಿನಿಂದಲೇ ನಾಲ್ಕೂ ಗಾಲಿಗೆ ಹೈಡ್ರಾಲಿಕ್ ಬ್ರೇಕ್ ಕೊಟ್ಟ ಕಂಪನಿ. ಹಾನಗಲ್ಲು, ಶಿರಸಿ ದಾಟಿ ದೇವಿಮನೆ ಘಾಟಿನಲ್ಲಿ ಕುಮಟೆಗೆ ಇಳಿಯುವಾಗ ತಮ್ಮ ತಂದೆ ಬೇರೆ ಯಾವ ಗಾಡಿಯನ್ನೂ ನಂಬುತ್ತಿರಲಿಲ್ಲವೆಂದು ಹೇಳಿ ಅವರು ಸುಮ್ಮನಾದರು. ಮಾರಿದ್ದು ಯಾವಾಗ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಗುಜರಿಗೆ ಹೋಗಿದ್ದನ್ನು ಮಾರಿದ್ದು ಎನ್ನಲು ಅವರಿಗೆ ಮನಸ್ಸಿರಲಿಲ್ಲವೇನೋ.

ಫಾರ್ಗೋ ಸೋತದ್ದು ಹೇಗೆ ಎಂಬುದು ಲಾರಿ ರಸ್ತೆ ನೋಡಿದವರಿಗೆಲ್ಲ ಗೊತ್ತು. 1954ರಲ್ಲಿ ಜಮ್ಶೆಡ್‌ಪುರದಿಂದ ಟಾಟಾ–ಮರ್ಸಿಡಿಸ್ ಲಾರಿ ಬಂತು, ಹುಟ್ಟಾ ಡೀಸೆಲ್ ಗಾಡಿ. ಮದ್ರಾಸಿನಿಂದ ಲೇಲ್ಯಾಂಡ್ ಬಂತು. ಬಿಡಿಭಾಗ ಊರೂರಿಗೆ ಸಿಗತೊಡಗಿದವು. ಅಷ್ಟರಲ್ಲಿ ತವರಿನಲ್ಲೇ ಹೆಸರುಗಳು ಅಳಿಯುತ್ತಿದ್ದವು. 1960ರ ನವೆಂಬರ್ 30ರಂದು ಡಿಸೋಟೊ ನಿಂತಿತು. ಕೆನಡಾದಲ್ಲಿ ಉಳಿದಿದ್ದ ಫಾರ್ಗೋ 1972ಕ್ಕೆ ಮುಗಿಯಿತು. ಪ್ಲಿಮತ್ 2001ರವರೆಗೆ ಎಳೆಯಿತು. ಕುರ್ಲಾದ ಲಾರಿಗಳ ಮೇಲೆ ಕೊನೆಕೊನೆಗೆ ಪ್ರೀಮಿಯರ್ ಎಂಬ ಹೆಸರೇ ಬಂತು. ಫಾರ್ಗೋ, ಡಿಸೋಟೊ ಎರಡೂ ಬಹುಕಾಲ ಬಾಳಿದ್ದು ಟರ್ಕಿಯಲ್ಲಿ. ಅಲ್ಲಿನ ಕಾರ್ಖಾನೆಯೊಂದು ಮೊನ್ನೆಮೊನ್ನೆಯವರೆಗೂ ಆ ಬಿಲ್ಲೆಗಳನ್ನು ಲಾರಿಗೆ ಹಚ್ಚುತ್ತಿತ್ತು. ಮಿಸ್ತ್ರಿ ಅಜ್ಜನಿಗೆ ಇದನ್ನು ಹೇಳಿದಾಗ ಕಣ್ಣರಳಿಸಿ, "ಹೌದೇನ್ರಿ? ಅಲ್ಲೂ ಘಾಟ್ ಅದಾವೇನು?" ಎಂದು ಕೇಳಿದರು.

ನನ್ನ ಅಳಲು ಇಲ್ಲಿದೆ. ಅಮೆರಿಕದ ಹಳೆಯ ಕಾರುಗಳನ್ನು ನೋಡಬೇಕೆಂದರೆ ಕರ್ನಾಟಕದಲ್ಲಿ ಜಾಗಗಳಿವೆ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಹಾಕಿದ ಕಾರುಗಳಿವೆ, ಶ್ರೀರಂಗಪಟ್ಟಣದ ಬಳಿ 'ಪಯಣ' ಸಂಗ್ರಹಾಲಯವಿದೆ. ತಾಸುಗಟ್ಟಲೆ ನಿಂತು ನೋಡಬೇಕಾದ ಗಾಡಿಗಳು ಅವು. ಅವುಗಳಲ್ಲಿ ಅರಸರು, ಜಮೀನ್ದಾರರು, ದೊಡ್ಡ ಮನುಷ್ಯರು ಓಡಾಡಿದರು. ಬ್ಯಾಡಗಿಯ ಮೆಣಸಿನಕಾಯಿಯನ್ನು ಊರಾಚೆಗೆ ಒಯ್ದು ಹೆಸರು ತಂದ ಲಾರಿ ಮಾತ್ರ ಕಬ್ಬಿಣದ ತೂಕಕ್ಕೆ ಹೋಯಿತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ನಾವೆಲ್ಲ ಹಿಗ್ಗಿದೆವು. ಕಡ್ಡಿ, ಡಬ್ಬಿ ಎಂದು ತಳಿಗಳ ಬಣ್ಣ, ಖಾರ ವರ್ಣಿಸಿದೆವು. ಅದನ್ನು ಹೊತ್ತವರ ನೆನಪು ಯಾರಿಗೂ ಆಗಲಿಲ್ಲ.

ಕಾನೂನಿನ ಕಣ್ಣೂ ಹೀಗೆಯೇ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗಾಗಿ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ 'ವಿಂಟೇಜ್' ಎಂದು ಬೇರೆಯೇ ನೋಂದಣಿ ಸಿಗುತ್ತದೆ. ಆದರೆ ಅದು ಸ್ವಂತ ಬಳಕೆಯ ಕಾರು, ಬೈಕುಗಳಿಗೆ ಮಾತ್ರ. ಬಾಡಿಗೆಗೆ ದುಡಿದ ಲಾರಿಗೆ ಆ ಮರ್ಯಾದೆ ಇಲ್ಲ. ದುಡಿದದ್ದೇ ತಪ್ಪೆಂಬಂತೆ. ಈ ನಿಯಮ ತಿದ್ದಬೇಕೆಂದು ಸಾರಿಗೆ ಇಲಾಖೆಗೆ ಕೇಳುವವರು ನಮ್ಮ ಲಾರಿ ಮಾಲಕರ ಸಂಘಗಳಲ್ಲದೆ ಇನ್ನಾರು? ಹಾಗೆಯೇ ಬ್ಯಾಡಗಿಯ ಕೃಷಿ ಮಾರುಕಟ್ಟೆಯ ಅಂಗಳದಲ್ಲಿ ಒಂದು ಫಾರ್ಗೋ, ಅದು ಸಿಗದಿದ್ದರೆ ಒಂದು ಡಾಜ್ ಅಥವಾ ಡಿಸೋಟೊ, ಚಾವಣಿಯಡಿ ನಿಲ್ಲಲಿ. ಮೆಣಸಿನಕಾಯಿ ಹೇರಿದಂತೆಯೇ ನಿಲ್ಲಲಿ. ಪೇಟೆಗೆ ಬರುವ ರೈತರ ಮಕ್ಕಳು ಅದರ ಗಾಲಿ ಮುಟ್ಟಿ ನೋಡಲಿ.

ಇದನ್ನು ಮಿಸ್ತ್ರಿ ಅಜ್ಜನಿಗೆ ಹೇಳಿದೆ. ಅವರು ಖುಷಿಪಡುವ ಬದಲು ಲೆಕ್ಕ ಹಾಕಲು ಕುಳಿತರು. ಚಾಸಿ ಸಿಗಬಹುದು, ಹಳೆಯ ಗುಜರಿಯಲ್ಲಿ ಎಲ್ಲಾದರೂ. ಬಾಡಿ ಕಟ್ಟುವ ಬಡಿಗೇರರ ಮಕ್ಕಳು ಹುಬ್ಬಳ್ಳಿಯಲ್ಲಿ ಇನ್ನೂ ಇದ್ದಾರೆ, ಆದರೆ ಕಟ್ಟಿಗೆ ಬಿಟ್ಟು ಕಬ್ಬಿಣ ಹಿಡಿದಿದ್ದಾರೆ. ಪರ್ಕಿನ್ಸ್ ಎಂಜಿನ್ ಸಿಕ್ಕರೂ ಸಿಕ್ಕೀತು, ಅದರ ಹೆಡ್ಡು ಬಿರುಕು ಬಿಟ್ಟಿರದೆ ಸಿಗುವುದು ಕಷ್ಟ. "ಸಿಕ್ರ ಈ ವರ್ಷಾನ ಸಿಗಬೇಕ್ರಿ" ಎಂದರು. ಯಾಕೆ ಅಜ್ಜಾರ ಎಂದು ಕೇಳಲು ಬಾಯಿ ಬರಲಿಲ್ಲ. ಅವರೇ ಹೇಳಿದರು: "ಪಂಪ್ ಟೈಮಿಂಗ್ ಕೂಡಸೂದು ಯಾವ ಹುಡುಗಗೂ ಕಲಸಿಲ್ಲ. ಕಲಸಾಕ ಗಾಡಿ ಎಲ್ಲಿತ್ತು?"